ಹದಿನೈದನೆಯ ಕೋಲು

ಕಟ್ ಅಂತ ಮತ್ತೊಂದು ಬೀಜ ಒಡೆಯಿತು, ನನ್ನ ಬೆನ್ನ ಹಿಂದೆಯೇ, ಫೆರ್ಮಿನ್ ಬೆಳಗಿನಿಂದ ಸೂರ್ಯಕಾಂತಿ ಬೀಜ ಜಗಿಯುತ್ತಲೇ ಇದ್ದಾನೆ, ಕೊನೆಯ ಗುಳಿಗೆ ಬಂದಿದ್ದೇವೆ, ಈಗಲಾದರೂ ಬಾಯಿ ಮುಚ್ಚಬಾರದೇ, ಹೆಂಡತಿಯ ತಮ್ಮನನ್ನು ಕ್ಯಾಡಿ ಮಾಡಿಕೊಂಡ ನನಗೆ ಬುದ್ಧಿ ಇರಬೇಕಿತ್ತು — ಬೆಗೋನ್ಯಾ ಹೇಳಿದ್ದಳು, ಕೆಲಸ ಇಲ್ಲ ಪಾಪ ಅವ್ನಿಗೆ, ನಿನ್ನ ಬ್ಯಾಗ್ ಹೊತ್ಕೊಂಡು ಓಡಾಡ್ಲಿ ಬಿಡು — ಓಡಾಡುತ್ತಿದ್ದಾನೆ, ನನಗೇ ಪಾಠ ಹೇಳುತ್ತ, ಭಾವ, ಇದು ಆಫ್ರಿಕಾ ಕಡೆಯ ಗಾಳಿ, ಚೆಂಡನ್ನ ಎತ್ಕೊಂಡು ಹೋಗುತ್ತೆ ನೋಡು, ಅರ್ಧ ಆಯುಷ್ಯ ಯುರೋಪಿನ ಗಾಲ್ಫ್ ಟೂರ್ ಆಡಿದವನಿಗೆ ಗಾಳಿಯ ಪಾಠ! ಇಪ್ಪತ್ಮೂರನೇ ವಯಸ್ಸಿಗೆ ಪೋರ್ಚುಗಲ್‌ನಲ್ಲಿ ಗೆದ್ದೆ, ಪತ್ರಿಕೆಯವರು ಹೆಗಲ ಮೇಲೆ ಹೊತ್ತು ಮೆರೆಸಿದರು, ಆಮೇಲೆ ಬೆನ್ನು ಹಿಡಿಯಿತು, ಆಮೇಲೆ ಮಣಿಕಟ್ಟು, ಕಳೆದ ವರ್ಷ ಟೂರಿನಿಂದಲೇ ಹೊರಗೆ, ಈಗ ಮೀಸೆ ಮೂಡದ ಹುಡುಗರ ಜೊತೆ ಈ ಅರ್ಹತಾ ಪಂದ್ಯದ ಬಾಗಿಲಲ್ಲಿ ನಿಂತಿದ್ದೇನೆ, ಚೆಂಡು ಗುಳಿಯ ಸುತ್ತಲಿನ ಹಸಿರಿನ ಮೇಲಿದೆ, ಎರಡು ಹೊಡೆತದಲ್ಲಿ ಗುಳಿಗಿಳಿಸಿದರೆ ಮತ್ತೆ ಟೂರ್, ಇಲ್ಲವಾದರೆ ಸೋಮವಾರದಿಂದ ಕಡಲ ತೀರದ ಹೋಟೆಲಿನಲ್ಲಿ ನಿವೃತ್ತ ಜರ್ಮನ್ನರಿಗೆ ಮೊಣಕಾಲು ಬಗ್ಗಿಸುವುದನ್ನು ಕಲಿಸುತ್ತ ಕೂರಬೇಕು, ಎರಡೇ ಹೊಡೆತ, ನಿದ್ದೆಗಣ್ಣಲ್ಲೂ ಹೊಡೆದೇನು, ಅಷ್ಟರಲ್ಲಿ ಈ ದರಿದ್ರ ಮಳೆ. ಕೊಡೆ ಎಲ್ಲೋ? ಪಕ್ಕದ ಜೇಬಲ್ಲಿದೆ ಭಾವ, ನೀನೇ ತಗೋ, ನನ್ನ ಕೈಯೆಲ್ಲ ಉಪ್ಪು.

ಕೈ ಹಾಕಿದೆ, ಕೊಡೆಯಲ್ಲ, ಬಟ್ಟೆ, ನೀಲಿ ಚೌಕಳಿಯ ಅಡುಗೆಮನೆ ಬಟ್ಟೆ, ಉದ್ದಕ್ಕೆ ಸುತ್ತಿದ್ದು, ತುದಿಗೆ ಗಂಟು, ಎರಡು ಕಿವಿಯ ಆ ಗಂಟು ಅಮ್ಮನದು, ಶಾಲೆಗೆ ಆಮ್ಲೆಟ್ ಇಟ್ಟ ಬ್ರೆಡ್ಡಿಗೆ ಹಾಕುತ್ತಿದ್ದದ್ದೂ ಅದೇ, ಏನಿದು? ಓ ಅದಾ, ನಿಮ್ಮಮ್ಮ ಕೊಟ್ಟಿದ್ದು, ಗೆದ್ದಮೇಲೆ ಕೊಡು, ಅಲ್ಲೀವರೆಗೂ ಹೇಳ್ಬೇಡ ಅಂದ್ರು, ಸಾಸೇಜ್ ಇರ್ಬೇಕು — ಸಾಸೇಜಂತೆ! ಬಟ್ಟೆಯ ಮೇಲಿಂದಲೇ ಬೆರಳಿಗೆ ಗೊತ್ತಾಯಿತು, ಕಬ್ಬಿಣದ ತಲೆ, ಗರಗಸದಲ್ಲಿ ಕುಯ್ದು ಗಿಡ್ಡ ಮಾಡಿದ ಹಿಡಿ, ಸೈಕಲ್ ಟ್ಯೂಬಿನ ಸುತ್ತು, ಸಾಹುಕಾರರು ಎಸೆದ ಕೋಲನ್ನು ಅಪ್ಪ ನನ್ನ ಎತ್ತರಕ್ಕೆ ಕತ್ತರಿಸಿಕೊಟ್ಟಿದ್ದು, ಕಡಲು ಹಿಂದೆ ಸರಿದಾಗ ಅವನು ಕೆಸರಲ್ಲಿ ಚಿಪ್ಪು ಬಗೆಯುತ್ತಿದ್ದ, ನಾನು ಒದ್ದೆ ಮರಳಲ್ಲಿ ಇದೊಂದೇ ಕೋಲಿನಲ್ಲಿ ಎಲ್ಲ ಹೊಡೆತ ಹೊಡೆಯುತ್ತಿದ್ದೆ. ಕೋಲು ಎಣಿಸಿದ್ಯೇನೋ ಬೆಳಿಗ್ಗೆ? ಎಣಿಸ್ದೆ ಭಾವ, ಹದಿನಾಲ್ಕು, ಸರಿಯಾಗಿ ಹದಿನಾಲ್ಕು. ಜೇಬಲ್ಲಿರೋದು? ಸಾಸೇಜನ್ನೂ ಎಣಿಸ್ತಾರಾ?

ಬ್ಯಾಗಿನಲ್ಲಿ ಹದಿನಾಲ್ಕಕ್ಕಿಂತ ಒಂದು ಕೋಲು ಹೆಚ್ಚಾದರೂ ನಾಲ್ಕು ಹೊಡೆತದ ದಂಡ, ಹೊಡೆದರೂ ಅಷ್ಟೇ, ಮುಟ್ಟದಿದ್ದರೂ ಅಷ್ಟೇ, ನಾಲ್ಕು ಸೇರಿದರೆ ನಾನು ಹೊರಗೆ, ಅಮ್ಮನಿಗೆ ಇದನ್ನು ಯಾರು ಹೇಳಬೇಕಿತ್ತು, ನಾನೇ ತಾನೆ, ಇಷ್ಟು ವರ್ಷ ಪಂದ್ಯ ಹೇಗಾಯ್ತು ಅಂದರೆ ಚೆನ್ನಾಗಾಯ್ತು ಅಂದುಬಿಡುತ್ತಿದ್ದೆ, ಅವಳ ಲೆಕ್ಕದಲ್ಲಿ ಜೊತೆಗೊಂದು ಕೋಲಿದ್ದರೆ ಯಾರಿಗೇನು ನಷ್ಟ, ಅಪ್ಪನದು ಬೇರೆ. ಫೆರ್ಮಿನ್‌ನ ಮುಖ ಬಿಳುಚಿದೆ, ಬೀಜ ಬಾಯಲ್ಲೇ ನಿಂತಿದೆ, ಸದ್ಯ! ಒಳಗೆ ತಳ್ಳು ಭಾವ, ಯಾರು ನೋಡಿದ್ರು ಈಗ, ನಿನ್ನ ಜೊತೆ ಆಡ್ತಿರೋ ಆ ಡೆನ್ಮಾರ್ಕಿನ ಹುಡ್ಗ ಅವನ ಚೆಂಡೇ ನೋಡ್ತಿದಾನೆ — ಹೌದು, ಯಾರೂ ನೋಡಿಲ್ಲ, ಅದೇ ಈ ಆಟದ ಪೀಡೆ, ಇಲ್ಲಿ ಕಳ್ಳನೂ ನಾನೇ ಪೊಲೀಸನೂ ನಾನೇ, ಫುಟ್‌ಬಾಲ್ ಆಡಿದ್ದರೆ ಬಿದ್ದು ಹೊರಳಾಡಿ ಸೀಟಿ ಊದಿಸಿಕೊಳ್ಳುತ್ತಿದ್ದೆ, ಜನ ಚಪ್ಪಾಳೆ ಬೇರೆ ತಟ್ಟುತ್ತಿದ್ದರು, ಎರಡು ಹೊಡೆತ ಹೊಡೆದು ಕೈಕುಲುಕಿ ಮನೆಗೆ ಹೋಗಲೇ, ಹೋಗಿ ಅಮ್ಮ ಕೊಟ್ಟದ್ದನ್ನು ಬಚ್ಚಿಟ್ಟು ಗೆದ್ದೆ ಎಂದು ಯಾವ ಬಾಯಲ್ಲಿ — ಕೈ ಮೇಲೆ ಹೋಗಿಬಿಟ್ಟಿದೆ, ನನ್ನದೇ ಕೈ, ಹಾಳಾದ್ದು ನನ್ನನ್ನು ಕೇಳಲೂ ಇಲ್ಲ.

ರೆಫರಿ ಬರುತ್ತಿದ್ದಾಳೆ, ಮಳೆಯಲ್ಲೂ ನಗುತ್ತ, ಏನಾಯ್ತು? ಹದಿನೈದಿದೆ, ಅಂದೆ, ನನ್ನ ದನಿಯೇ. ನಗು ಹೋಯಿತು, ಬಿಚ್ಚಿ ತೋರಿಸಿ ಅಂದಳು, ಬಿಚ್ಚುತ್ತೇನೆ ತಾಯಿ, ತಾಳು, ಸಂಜೆ ಅಮ್ಮನ ಫೋನ್ ಬರುತ್ತದೆ, ಮಗಾ ಸೆಲೆ, ಕೈ ಹಿಡೀತೇನಪ್ಪಾ ಅಪ್ಪನ ಕೋಲು, ಏನು ಹೇಳಲಿ, ಗಾಳಿ ಅನ್ನಲೇ, ಆಫ್ರಿಕಾ ಕಡೆಯ ಗಾಳಿ ಅಮ್ಮ, ಚೆಂಡನ್ನ ಎತ್ಕೊಂಡು ಹೋಯ್ತು, ಹಾಗನ್ನಬೇಕು, ಸಾಯುವವರೆಗೂ ಹಾಗೇ ಅನ್ನಬೇಕು, ಫೆರ್ಮಿನ್, ನೀನೂ ಹಾಗೇ ಅನ್ನು, ಬಾಯಿ ಬಿಟ್ಟರೆ ಕೊಂದುಬಿಡುತ್ತೇನೆ, ಆದರೆ ಇದು ಬಿಚ್ಚುತ್ತಿಲ್ಲ, ಎಷ್ಟು ಬಿಗಿಯಾಗಿ ಕಟ್ಟಿದ್ದಾಳೆ, ದಾರಿಯಲ್ಲಿ ಬಿಚ್ಚಿಹೋಗಬಾರದೆಂದು ಹಲ್ಲಲ್ಲಿ ಕಚ್ಚಿ ಎಳೆದಿರಬೇಕು, ನೆನೆದು ಇನ್ನೂ ಬಿಗಿಯಾಗಿದೆ, ಉಗುರು ಒಳಗೆ ಹೋಗುತ್ತಿಲ್ಲ, ಗಂಟು, ಎರಡು ಕಿವಿ, ನೀಲಿ ಚೌಕಳಿ, ಗಂಟು —