ವಾರ ಬಿಟ್ಟು ವಾರದ ಕಾರು

ಗಂಡ ಹೆಂಡತಿ ಬೇರೆಯಾದಾಗ ಪಾತ್ರೆಪಗಡ, ಕಪಾಟು, ಹಾಸಿಗೆ ಎಲ್ಲವೂ ಅರ್ಧ ದಿನದಲ್ಲಿ ಹಂಚಿಹೋದವು. ಹಂಚಲಾಗದೆ ಉಳಿದದ್ದು ಕಾರು ಒಂದೇ. ಇಬ್ಬರೂ ಸೇರಿ ಕೊಂಡದ್ದು, ಇಬ್ಬರಿಗೂ ಬೇಕಾದದ್ದು. ಕೊನೆಗೆ ಹೆಂಡತಿಯ ಅಣ್ಣ, ಬೀಗ ರಿಪೇರಿ ಅಂಗಡಿಯವನು, ಮಧ್ಯೆ ಬಾಯಿ ಹಾಕಿದ.

‘ಒಂದು ವಾರ ನಿಮ್ಮ ಹತ್ರ ಇರ್ಲಿ ಭಾವ, ಒಂದು ವಾರ ಅವಳ ಹತ್ರ. ಭಾನುವಾರ ಸಂಜೆ ನನ್ನ ಅಂಗಡಿ ಮುಂದೆ ನಿಲ್ಲಿಸಿ ಕೀ ನನ್ನ ಕೈಗೆ ಕೊಡಿ. ಮುಖ ಮುಖ ನೋಡ್ಕೊಳ್ಳೋ ಕಷ್ಟಾನೂ ತಪ್ಪುತ್ತೆ.’

ಗಂಡ ಒಪ್ಪಿದ. ಒಂದೇ ಒಂದು ಷರತ್ತು ಹಾಕಿದ: ಕಾರ್ಪೆಟ್ ಕೊಳೆಯಾಗಬಾರದು.

‘ಅದನ್ನೂ ಹೇಳ್ಬೇಕಾ?’ ಎಂದಳು ಹೆಂಡತಿ. ‘ಆರು ವರ್ಷದಿಂದ ಕಿವಿಗೆ ಬಿದ್ದಿದ್ದೇ ಅದೊಂದು ಮಾತು.’

ಗಂಡ ಕನ್ನಡಕದ ಅಂಗಡಿಯವನು. ಗಾಜಿನ ಮೇಲೆ ಕೂದಲೆಳೆಯಷ್ಟು ಗೀರಿದ್ದರೂ ಅವನ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಆ ಕಣ್ಣನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಕಾರು ಕೊಳ್ಳುವಾಗ ಶೋರೂಮಿನವನು, ‘ಒಳಗಡೆ ಕಪ್ಪು ತಗೊಳ್ಳಿ, ಕೊಳೆ ಕಾಣಲ್ಲ’ ಎಂದಿದ್ದ. ‘ಕಾಣದಿದ್ರೆ ಕೊಳೆ ಇರಲ್ವಾ?’ ಎಂದು ನಕ್ಕು, ಹಾಲಿನ ಕೆನೆಯಂಥ ಬಣ್ಣದ್ದನ್ನೇ ಆರಿಸಿದವಳು ಹೆಂಡತಿ. ಮರುದಿನವೇ ಗಂಡ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ. ಹಾಳೆಯ ಮೇಲೆ ಅಂಚು ಎತ್ತಿದ ರಬ್ಬರ್ ಮ್ಯಾಟು, ಮ್ಯಾಟಿನ ಮೇಲೆ ಹಳೆಯ ಟವೆಲ್ಲು. ಹತ್ತುವವರು ಮೊದಲು ಕಾಲು ಹೊರಗಿಟ್ಟು ಕೂತು, ಚಪ್ಪಲಿಗಳನ್ನು ಒಂದಕ್ಕೊಂದು ತಟ್ಟಿ, ಆಮೇಲೆ ಒಳಗೆ ಎಳೆದುಕೊಳ್ಳಬೇಕು. ಒಮ್ಮೆ ಅತ್ತೆ, ‘ಅಳಿಯಂದಿರೇ, ಕಾಲು ಮನೇಲಿ ಬಿಟ್ಟು ಬರ್ಲಾ?’ ಎಂದು ಕೇಳಿದ್ದರು. ಎಲ್ಲರೂ ನಕ್ಕಿದ್ದರು. ಅವನು ಮಾತ್ರ ಅವರ ಚಪ್ಪಲಿಯನ್ನೇ ನೋಡುತ್ತಿದ್ದ.

ಬೇರೆಯಾಗುವಂಥ ದೊಡ್ಡ ಜಗಳವೇನೂ ನಡೆದಿರಲಿಲ್ಲ. ಒಂದು ಬೆಳಿಗ್ಗೆ ಅವಳು, ‘ಈ ಮನೇಲಿ ಕಾಲಿಡೋಕೆ ಜಾಗ ಹುಡುಕಿ ಹುಡುಕಿ ಸುಸ್ತಾಗಿದೀನಿ ಕಣ್ರೀ’ ಎಂದಳು. ಅವನು ಆಗ ತಾನೇ ಒರೆಸಿದ್ದ ನೆಲದ ಮೇಲೆ ಅವಳು ನಿಂತಿದ್ದಳು. ಅವನ ಕಣ್ಣು ಮೊದಲು ನೆಲಕ್ಕೆ ಹೋಯಿತು, ಆಮೇಲೆ ಅವಳ ಮುಖಕ್ಕೆ. ಅವಳು ಅದನ್ನು ಗಮನಿಸಿದಳು.

ಮೊದಲ ನಾಲ್ಕು ಸರದಿ ಕಾರು ಹೋದ ಹಾಗೇ ಮರಳಿ ಬಂತು. ಐದನೆಯ ಸಲ, ಸೋಮವಾರ ಬೆಳಿಗ್ಗೆ ಅವನು ಮ್ಯಾಟು ಎತ್ತಿ ಕೊಡವುವಾಗ ಅಂಚಿನಲ್ಲಿ ತೆಂಗಿನ ನಾರಿನ ಪುಡಿ ಕಂಡಿತು. ಬೆರಳಲ್ಲಿ ಉಜ್ಜಿ ಮೂಸಿದ. ಗೊಬ್ಬರದ ವಾಸನೆ. ಹಿಂದಿನ ಸೀಟಿನ ಕೆಳಗೆ ಬೆರಳುದ್ದದ ಹಸಿರೆಲೆ.

ಅವನಿಗೆ ಕೂಡಲೇ ಅರ್ಥವಾಯಿತು. ಗಿಡವೆಂದರೆ ಅವಳಿಗೆ ಪ್ರಾಣ. ಮನೆಯೊಳಗೆ ಕುಂಡ ಬೇಡ, ನೀರು ಸೋರಿ ನೆಲ ಹಾಳಾಗುತ್ತದೆ ಎಂದು ತಡೆದವನು ಇವನೇ.

ಭಾನುವಾರ ಕೀ ಕೊಡುವಾಗ ಹೇಗೋ ಕೇಳಿದ. ‘ಭಾವ, ಅವಳು ಈಗ ನರ್ಸರೀಲಿ...?’

‘ನಾನು ಹೇಳ್ದೆ ಅನ್ಬೇಡಿ’ ಎಂದ ಬೀಗದವನು. ‘ಎರಡು ತಿಂಗಳಾಯ್ತು ಸೇರಿ. ಕಾಲುವೆ ಪಕ್ಕದ್ದು. ಬಿಸಿಲಲ್ಲಿ ಕರ್ರಗಾಗಿದಾಳೆ. ಖುಷಿಯಾಗಿದಾಳೆ.’ ಆಮೇಲೆ ಕೀಯನ್ನು ಬೆರಳಲ್ಲಿ ತಿರುಗಿಸುತ್ತ, ‘ಇನ್ನೊಂದು ಕೀ ಮಾಡ್ಕೊಡ್ತೀನಿ ಅಂದ್ರೆ ಇಬ್ರೂ ಬೇಡ ಅಂತೀರ. ಕೀ ಮಾಡೋನ ಮನೇಲಿ ಒಂದೇ ಕೀ! ನನ್ನ ಮರ್ಯಾದೆ ಪ್ರಶ್ನೆ ಭಾವ’ ಎಂದ.

ಖುಷಿಯಾಗಿದ್ದಾಳೆ ಎಂಬ ಮಾತು ಅವನನ್ನು ಮನೆಯವರೆಗೂ ಹಿಂಬಾಲಿಸಿತು.

ಅಂದಿನಿಂದ ಅವನ ಸೋಮವಾರಗಳು ಬೇರೆಯಾದವು. ಅಂಗಡಿಗೆ ಹೋಗುವ ಮೊದಲು, ಮನೆ ಮುಂದಿನ ಬೆಳಕಿನಲ್ಲಿ ಕಾರಿನ ನಾಲ್ಕೂ ಬಾಗಿಲು ತೆರೆದು ಕೂರುತ್ತಿದ್ದ. ವ್ಯಾಕ್ಯೂಮ್ ಕ್ಲೀನರ್ ಪಕ್ಕದಲ್ಲೇ ಇರುತ್ತಿತ್ತು, ಆದರೆ ಬೇಗ ಹಚ್ಚುತ್ತಿರಲಿಲ್ಲ. ಒಂದು ವಾರ ಬಿಳಿ ಮರಳು ಇತ್ತು: ನದಿ ದಂಡೆಗೆ ಹೋಗಿದ್ದಳೇ? ಯಾರ ಜೊತೆ? ಇನ್ನೊಂದು ವಾರ ಪುಟ್ಟ ಕಾಲಿನ ಗುರುತು: ಅಣ್ಣನ ಮೊಮ್ಮಗಳದ್ದು, ಸರಿ. ಮತ್ತೊಮ್ಮೆ ಡ್ರೈವರ್ ಪಕ್ಕದ ಸೀಟಿನ ಕೆಳಗೆ ದೊಡ್ಡ ಬೂಟಿನ ಅಚ್ಚು ಕಂಡು ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಬೀಗದವನು, ‘ಮೊನ್ನೆ ನಂಗೆ ಬೂಟು ಕಚ್ತಾ ಇತ್ತು ಭಾವ, ಪಾಪ ಅವಳೇ ಮನೇವರೆಗೂ ಬಿಟ್ಟಳು’ ಎಂದಾಗ ಅವನಿಗೆ ಬೀಗದವನನ್ನು ತಬ್ಬಿಕೊಳ್ಳಬೇಕೆನಿಸಿತು.

ಒಂದು ಸೋಮವಾರ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಚೀಟಿ ಇತ್ತು. ‘ಹಿಂದುಗಡೆ ಎಡಕ್ಕೆ, ಹಾಳೆ ಸರಿದ ಕಡೆ, ಟೀ ಚೆಲ್ಲಿದೆ. ಎಷ್ಟು ಉಜ್ಜಿದರೂ ಹೋಗಲಿಲ್ಲ. ತಪ್ಪಾಯಿತು.’

ಕೊನೆಯ ಪದ ಅವನನ್ನು ಚುಚ್ಚಿತು. ಕಾರ್ಪೆಟ್ಟಿಗಾಗಿ ಅವಳು ಎಷ್ಟು ಸಲ ತಪ್ಪಾಯಿತು ಎಂದಿದ್ದಳೋ ಲೆಕ್ಕವಿರಲಿಲ್ಲ. ಅವನು ಬಿಳಿ ಹತ್ತಿಬಟ್ಟೆ ತಂದ. ಬಣ್ಣದ ಬಟ್ಟೆಯಾದರೆ ಅದರ ಬಣ್ಣವೇ ಕಾರ್ಪೆಟ್ಟಿಗೆ ಇಳಿಯುತ್ತದೆ. ತಣ್ಣೀರಿಗೆ ಸೋಪಿನ ಎರಡು ಹನಿ ಬೆರೆಸಿ, ಕಲೆಯ ಅಂಚಿನಿಂದ ನಡುವಿಗೆ ಒತ್ತುತ್ತ, ಎತ್ತುತ್ತ ಬಂದ. ಅಡುಗೆ ಸೋಡ ಉದುರಿಸಿ, ಬಾಗಿಲು ತೆರೆದಿಟ್ಟು ಒಣಗಿಸಿದ. ಭಾನುವಾರದ ಹೊತ್ತಿಗೆ ಹಳದಿಯ ಒಂದು ನೆರಳು ಮಾತ್ರ ಉಳಿದಿತ್ತು. ಖಾನೆಯಲ್ಲಿ ಉತ್ತರವಿಟ್ಟ: ‘ಉಜ್ಜಬಾರದು, ಒತ್ತಬೇಕು. ಉಜ್ಜಿದರೆ ಕಲೆ ಒಳಗಿಳಿಯುತ್ತದೆ. ಟೀ ಕುಡಿದರೆ ತಪ್ಪೇನಿಲ್ಲ.’

ಹದಿನೈದು ದಿನಕ್ಕೆ ಮರುಚೀಟಿ ಬಂತು. ‘ಹಸಿ ಮಣ್ಣಿಗೇನು ಮಾಡಬೇಕು?’

‘ಮುಟ್ಟಬೇಡ. ಒಣಗಲು ಬಿಡು. ಒಣಗಿದ ಮೇಲೆ ಬ್ರಷ್ ಆಡಿಸಿದರೆ ತಾನೇ ಉದುರುತ್ತದೆ.’

‘ಇಷ್ಟು ತಾಳ್ಮೆ ನಿಮಗೆ ಯಾವಾಗ ಬಂತು?’

ಆ ಚೀಟಿಗೆ ಉತ್ತರ ಬರೆಯಲು ಅವನು ಒಂದು ವಾರವಿಡೀ ತೆಗೆದುಕೊಂಡ. ಹರಿದ, ಬರೆದ, ಹರಿದ. ಕೊನೆಗೆ ‘ಬರುತ್ತಿದೆ’ ಎಂದಷ್ಟೇ ಬರೆದಿಟ್ಟ.

ಹೀಗೆ ವರ್ಷ ತುಂಬುವ ಹೊತ್ತಿಗೆ, ಒಂದು ಭಾನುವಾರ ಬೀಗದವನ ಅಂಗಡಿ ಬಾಗಿಲು ಅರ್ಧ ಎಳೆದಿತ್ತು. ಕೀ ಕೊಟ್ಟ ಪಕ್ಕದಂಗಡಿಯವನಿಗೆ ಬೇರೇನೂ ಗೊತ್ತಿರಲಿಲ್ಲ. ಕಾರಿನ ಬಾಗಿಲು ತೆರೆದರೆ, ಕ್ಲಚ್ಚಿನ ಕೆಳಗೆ ಮ್ಯಾಟು, ಹಾಳೆ ಎರಡನ್ನೂ ದಾಟಿ ಕಾರ್ಪೆಟ್ಟಿನ ಮೇಲೆ ಅಂಗೈಯಗಲದ ಕಲೆ. ಕೆಂಪಗಿದ್ದದ್ದು ಕಂದಾಗುತ್ತಿತ್ತು. ಚೀಟಿ ಇರಲಿಲ್ಲ.

ಬೀಗದವನು ಫೋನು ಎತ್ತಲಿಲ್ಲ. ಅವಳ ಮನೆ ಯಾವ ಬೀದಿ ಎಂದು ಗೊತ್ತಿತ್ತು, ಒಂದು ದಿನವೂ ಹೋಗಿರಲಿಲ್ಲ. ಕಾರನ್ನು ಅಡ್ಡಾದಿಡ್ಡಿ ನಿಲ್ಲಿಸಿ ಮೆಟ್ಟಿಲು ಹತ್ತಿದ.

ಬಾಗಿಲು ತೆರೆದವಳು ಅವಳೇ. ಎಡಪಾದಕ್ಕೆ ದಪ್ಪ ಬ್ಯಾಂಡೇಜು, ಗೋಡೆಗೆ ಕೈ. ಕಾಲ ಬಳಿ, ಕಿಟಕಿಯಲ್ಲಿ, ಕುರ್ಚಿಯ ಮೇಲೆ ಎಲ್ಲೆಲ್ಲೂ ಕುಂಡಗಳು. ನೆಲದಲ್ಲಿ ನೀರಿನ ಉಂಗುರದ ಗುರುತುಗಳು.

‘ಒಡೆದ ಕುಂಡದ ಚೂರು ತುಳಿದೆ’ ಎಂದಳು. ‘ಐದು ಹೊಲಿಗೆ. ಆಸ್ಪತ್ರೆಗೆ ನಾನೇ ಓಡಿಸ್ಕೊಂಡು ಹೋದೆ. ಕಾರು ಅಂಗಡಿ ಮುಂದೆ ಬಿಟ್ಟು ಬಂದಿದ್ದು ಅಣ್ಣ, ಈಗ ಔಷಧಿ ತರೋಕೆ ಹೋದ.’ ಆಮೇಲೆ ಅವನ ಮುಖ ನೋಡಿ, ‘ಕಾರ್ಪೆಟ್ ನೋಡಿದ್ರಾ? ತಣ್ಣೀರು ಹಾಕೋಣ ಅಂದ್ಕೊಂಡೆ, ಕೆಳಗೆ ಇಳಿಯೋಕೆ ಆಗ್ಲಿಲ್ಲ’ ಎಂದಳು.

‘ಕಾರ್ಪೆಟ್ ಹಾಳಾಗಿ ಹೋಗ್ಲಿ’ ಎಂದ ಅವನು. ‘ಒಬ್ಳೇ ಯಾಕೆ ಹೋದೆ? ನಂಗೆ ಫೋನ್ ಮಾಡ್ಬಾರ್ದಿತ್ತಾ?’

‘ಮಾಡ್ಬೋದು ಅಂತ ಹೊಳೀಲಿಲ್ಲ.’ ಮುನಿಸಿರಲಿಲ್ಲ ಆ ಮಾತಿನಲ್ಲಿ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

ಅವಳು ಒಂದು ಕುಂಡ ಸರಿಸಿ ಕುರ್ಚಿ ತೋರಿಸಿದಳು. ಅವನು ಕೂತ. ಪ್ಯಾಂಟಿಗೆ ಮಣ್ಣು ಮೆತ್ತಿದ್ದು ಅವನಿಗೆ ಗೊತ್ತಾಯಿತು, ಕೊಡವಿಕೊಳ್ಳಲಿಲ್ಲ.

‘ವಾಪಸ್ ಬರ್ತೀಯಾ?’ ಎಂದು ಕೇಳಿಯೇಬಿಟ್ಟ.

ಅವಳು ಪಕ್ಕದ ಕುಂಡದಿಂದ ಒಣಗಿದ ಎಲೆಯೊಂದನ್ನು ಚಿವುಟಿದಳು. ‘ಬರಲ್ಲ ರೀ. ನಿಮ್ಮ ಮೇಲೆ ಸಿಟ್ಟಿಲ್ಲ. ಚೀಟಿ ಓದೋಕೆ ಖುಷಿಯಾಗ್ತಿತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಇಲ್ಲಿ ಬೆಳಿಗ್ಗೆ ಎದ್ರೆ ಯಾರಿಗೂ ಹೆದರದೆ ಕಾಲು ಕೆಳಗಿಡ್ತೀನಿ. ಅದನ್ನ ಬಿಟ್ಟು ಬರೋಕೆ ಆಗಲ್ಲ.’ ಆಮೇಲೆ ಹೇಳಿದಳು: ‘ಇನ್ನೊಂದು ವಿಷಯ. ಬರೋ ತಿಂಗಳು ಸಸಿ ಸಾಗ್ಸೋಕೆ ಸಣ್ಣ ಗೂಡ್ಸ್ ಗಾಡಿ ತಗೊಳ್ತಿದೀನಿ. ಕಾರು ಪೂರ್ತಿ ನಿಮಗೇ ಇರ್ಲಿ. ಇನ್ಮೇಲೆ ನಿಮಗೆ ಕೊಳೆ ಕಾಟ ಇಲ್ಲ.’

ಅವನು ತಲೆಯಾಡಿಸಿದ.

ಹೊಲಿಗೆ ಬಿಚ್ಚಿಸುವ ದಿನ ಅವಳನ್ನು ಅವನೇ ಕರೆದುಕೊಂಡು ಹೋದ. ಬರುವಾಗ ಕಾಲುವೆಯ ಸುತ್ತುಬಳಸಿನ ದಾರಿ ಹಿಡಿದ. ಹತ್ತು ನಿಮಿಷದ ಹಾದಿ ಮುಕ್ಕಾಲು ಗಂಟೆಯಾಯಿತು. ಅವಳಿಗೆ ಗೊತ್ತಾಗದೆ ಇರಲಿಲ್ಲ. ಕೇಳಲಿಲ್ಲ. ಇಳಿಯುವಾಗ ‘ಹುಷಾರಾಗಿ ಹೋಗಿ’ ಎಂದಳು.

ಕಾರು ಅವನದೇ ಆಯಿತು. ಸೋಮವಾರ ಮ್ಯಾಟು ಎತ್ತಿದರೆ ಅವನದೇ ಚಪ್ಪಲಿಯ ಧೂಳು. ಮೂರು ವಾರ ಸುಮ್ಮನಿದ್ದ. ನಾಲ್ಕನೆಯ ಶನಿವಾರ ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚಿ ನರ್ಸರಿಗೆ ಹೋದ.

ಅವಳು ಪೈಪು ಹಿಡಿದು ನಿಂತಿದ್ದಳು. ‘ಏನ್ ಬೇಕಾಗಿತ್ತು?’ ಎಂದಳು, ಗಿರಾಕಿಗೆ ಕೇಳುವಂತೆ, ನಗು ತಡೆದುಕೊಂಡು.

‘ನೆರಳಲ್ಲಿ ಬದುಕೋ ಗಿಡ ಯಾವುದಿದೆ? ಸಾಯಿಸೋಕೆ ಸುಲಭ ಇರ್ಬಾರ್ದು.’

ಅವಳು ಆರಿಸಿಕೊಟ್ಟಳು. ಎಷ್ಟು ನೀರು, ಎಷ್ಟು ಬೆಳಕು ಎಂದು ಹೇಳಿದಳು. ಅವನು ಗೊತ್ತಿದ್ದದ್ದನ್ನೂ ಮತ್ತೆ ಕೇಳಿದ. ಮುಂದಿನ ಶನಿವಾರ ಇನ್ನೊಂದು ಗಿಡ. ಅದರ ಮುಂದಿನ ಶನಿವಾರ ಮತ್ತೊಂದು. ಬೇರೆ ಗಿರಾಕಿಗಳ ನಡುವೆ ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆ ಮಾತು. ವಾಪಸ್ ಬಾ ಎಂದು ಅವನು ಮತ್ತೆ ಕೇಳಲಿಲ್ಲ. ಅವನ ಮನೆಯ ಕಿಟಕಿಗಳು ಒಂದೊಂದಾಗಿ ಹಸಿರಾದವು. ರಾತ್ರಿ ಊಟಕ್ಕೆ ಕೂತಾಗ ಎದುರಿನ ಖಾಲಿ ಕುರ್ಚಿ ಮಾತ್ರ ಹಾಗೇ ಇರುತ್ತಿತ್ತು.

ಒಂದು ಶನಿವಾರ ಹೋದಾಗ ಅವಳಿರಲಿಲ್ಲ. ದೂರದ ಊರಿಗೆ ಸಸಿ ತಲುಪಿಸಲು ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದರು ನರ್ಸರಿಯ ಯಜಮಾನರು. ‘ಗಿಡ ಬೇಕಿದ್ರೆ ನಾನೇ ಕೊಡ್ತೀನಲ್ಲ?’

‘ಪರ್ವಾಗಿಲ್ಲ. ಕಾಯ್ತೀನಿ.’

ಯಜಮಾನರು ಒಮ್ಮೆ ಅವನನ್ನು ಮೇಲಿಂದ ಕೆಳಗೆ ನೋಡಿ, ಒಳಗಿನಿಂದ ಸ್ಟೂಲು ತಂದು ಗೇಟಿನ ಪಕ್ಕ ಹಾಕಿದರು. ಬಿಸಿಲು ಇಳಿಯಿತು. ಗಿರಾಕಿಗಳು ಬಂದರು, ಹೋದರು. ಗೇಟು ಹಾಕುವ ಹೊತ್ತಿಗೆ ಅವಳ ಗಾಡಿ ಧೂಳೆಬ್ಬಿಸುತ್ತ ಬಂದು ನಿಂತಿತು.

ಅವಳು ಇಳಿದು, ಕಣ್ಣು ಕಿರಿದು ಮಾಡಿ ನೋಡಿದಳು. ‘ಇನ್ನೂ ಇದ್ದೀರಾ?’

‘ಇದ್ದೀನಿ.’

ಅವಳು ಗಾಡಿಯ ಹಿಂಬಾಗಿಲು ತೆರೆದು, ‘ಹಾಗಿದ್ರೆ ಬನ್ನಿ, ಇದನ್ನ ಆ ಕಡೆಯಿಂದ ಹಿಡ್ಕೊಳ್ಳಿ. ಭಾರ ಇದೆ’ ಎಂದಳು.

ಅವನು ಎದ್ದುಹೋಗಿ ಕುಂಡದ ಇನ್ನೊಂದು ಬದಿ ಹಿಡಿದ.