ಓರಗಿತ್ತಿಯ ಹೆಸರಿನ ಲಕೋಟೆ

“ಕೃಷ್ಣಮ್ಮ, ಗಂಡನ ಹೆಸರು ಮುನಿಗಂಗಪ್ಪ!”

ಜಕ್ಕೂರಿನ ಅಂಗನವಾಡಿಯಲ್ಲಿ ರಕ್ತಪರೀಕ್ಷೆಯ ತಂಡದ ರಕ್ಷಾ ಲಕೋಟೆ ಹಿಡಿದು ಎರಡನೇ ಸಲ ಕೂಗಿದಾಗ, ಬಾಗಿಲ ಪಕ್ಕ ಕುಳಿತಿದ್ದ ಮುನಿಯಲ್ಲಮ್ಮ ತಲೆ ತಗ್ಗಿಸಿದಳು. ಕೃಷ್ಣಮ್ಮ ಅವಳ ಮೈದುನನ ಹೆಂಡತಿ. ಆದರೆ ಆ ಲಕೋಟೆಯೊಳಗಿದ್ದದ್ದು ಮುನಿಯಲ್ಲಮ್ಮನ ರಕ್ತದ ಸಮಾಚಾರ.

ಆಗಿದ್ದು ಇಷ್ಟು. ಆರು ತಿಂಗಳ ಹಿಂದೆ ಸಂಶೋಧನೆಯವರು ಮನೆಮನೆಗೆ ಬಂದು ರಕ್ತ ತೆಗೆದುಕೊಳ್ಳುವಾಗ ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿ ಎಂದಿದ್ದರು. ಕಾಲು ಊದಿಕೊಳ್ಳುತ್ತಿತ್ತು, ಪುಕ್ಕಟೆ ಪರೀಕ್ಷೆ, ಬಿಡುವುದೇಕೆ? ಆದರೆ ರುಜು? ಅಯ್ಯೋ ಶಿವನೇ! ಕೆರೆ ಪಕ್ಕದ ಎರಡು ಎಕರೆ ಮಾವ ಹಾಕಿದ ಒಂದೇ ಒಂದು ರುಜುವಿಗೆ ಹೋಗಿ, ಈಗಲ್ಲಿ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು ನಿಂತಿದೆ. ಇವಳೇನು ಅಷ್ಟು ಪೆದ್ದಿಯೇ? ಸೈಟಿನ ಪಾಲಿಗಾಗಿ ಕೋರ್ಟು ಹತ್ತಿ, ಮೂರು ವರ್ಷದಿಂದ ಮಾತು ಬಿಟ್ಟಿದ್ದ ಓರಗಿತ್ತಿಯ ಹೆಸರು ಹೇಳಿ, ಅದನ್ನೇ ಬರೆದಳು. ಮೋಸವಾದರೆ ಅವಳಿಗೇ ಆಗಲಿ! ಫೋನ್ ನಂಬರನ್ನೂ ಬಾಯಿಗೆ ಬಂದದ್ದು ಹೇಳಿದ್ದಳು.

“ನಿಮ್ಮ ರಕ್ತದಾಗ ಏನೈತಿ ಅನ್ನೋದು ಮೊದಲ ನಿಮಗ ಗೊತ್ತಾಗಬೇಕ್ರಿ. ಬರೇ ಪುಸ್ತಕದಾಗ ಬರದಿಟ್ರ ಯಾರಿಗೆ ಉಪಯೋಗ?” ಎಂದು ಧಾರವಾಡದ ಕಡೆಯ ಆ ರಕ್ಷಾ ಆಗಲೇ ಸಭೆಗೆ ಹೇಳಿದ್ದಳು. ಸಕ್ಕರೆ ಕಾಯಿಲೆ ಸದ್ದಿಲ್ಲದೆ ಕಿಡ್ನಿಯನ್ನು ಹೇಗೆ ತಿನ್ನುತ್ತದೆ ಎಂದು ಚಿತ್ರ ತೋರಿಸಿದ್ದಳು. ಇಷ್ಟು ಚೆನ್ನಾಗಿ ಮಾತಾಡುವವಳನ್ನು ನಂಬುವುದಾದರೂ ಹೇಗೆ ಎಂದುಕೊಂಡಿದ್ದಳು ಮುನಿಯಲ್ಲಮ್ಮ.

ಮುಂದಿನ ಸಾಲಿನಿಂದ ಕೃಷ್ಣಮ್ಮ ಎದ್ದಳು. ರಕ್ತ ತೆಗೆದ ದಿನ ಅವಳು ಅಮೃತಹಳ್ಳಿಯ ತವರಿನಲ್ಲಿದ್ದಳು. ರಕ್ಷಾ ಅವಳನ್ನು ಮೂಲೆಗೆ ಕರೆದು, ಹಳೆಯ ಒಪ್ಪಿಗೆ ಪತ್ರ ತೋರಿಸಿ, ತಗ್ಗಿದ ದನಿಯಲ್ಲಿ ಏನೇನೋ ಹೇಳಿದಳು. ಕೃಷ್ಣಮ್ಮ ರುಜುವನ್ನು ನೋಡಿದಳು. ಒಂದೇ ಮನೆಯಲ್ಲಿ ಬಾಳಿದವಳಿಗೆ ಆ ಅಕ್ಷರ ಯಾರದೆಂದು ಗೊತ್ತಿತ್ತು. ತಿರುಗಿ ಬಾಗಿಲ ಕಡೆ ನೋಡಿದಳು.

“ನಂದೇ, ಕೊಡಮ್ಮ” ಎಂದಳು.

ಮುನಿಯಲ್ಲಮ್ಮ ಚಪ್ಪಲಿಗೆ ಕಾಲು ತುರುಕಿದಳು. ಸುಳ್ಳು ರುಜು! ಕೋರ್ಟಿನಲ್ಲಿ ಇಷ್ಟು ತೋರಿಸಿದರೆ ಸಾಕು, ಇವಳ ಪಾಲಿನ ಸೈಟು ಹೋದಂತೆಯೇ. ಯಾರಿಗೂ ಹೇಳದೆ ಎದ್ದು ಮನೆಗೆ ಬಂದು ಅಗಳಿ ಹಾಕಿಕೊಂಡಳು.

ಅರ್ಧ ಗಂಟೆಯೂ ಆಗಿರಲಿಲ್ಲ, ಬಾಗಿಲು ಬಡಿದ ಸದ್ದು.

“ಅಕ್ಕಾ, ಬಾಗ್ಲು ತೆಗಿ.”

“ಯಾಕೆ? ಲಾಯರ್‌ನ ಕರ್ಕೊಂಡ್ ಬಂದಿದೀಯಾ?”

“ಥೂ, ನಿನ್ ಬುದ್ಧಿಗಿಷ್ಟು! ನಂದಲ್ಲ ಅಂದಿದ್ರೆ ಆಯಮ್ಮ ಕವರ್ ವಾಪಸ್ ತಕ್ಕೊಂಡೋಗೋಳು. ನಿನ್ ಕಿಡ್ನಿ ಕೆಡಕ್ಕೆ ಸುರುವಾಗೈತಂತೆ. ಈಗ್ಲೇ ಔಸ್ದಿ ತಕ್ಕೊಂಡ್ರೆ ತಡೀಬೋದಂತೆ. ನಾಳೆ ಅತ್ತು ಗಂಟೆಗೆ ಆಸ್ಪತ್ರೆಗೆ ಬರೇಳವ್ಳೆ.”

ಮುನಿಯಲ್ಲಮ್ಮ ಬಾಗಿಲು ತೆರೆಯಲಿಲ್ಲ. “ಆ ರುಜು ಕೋರ್ಟಿಗೆ ಕೊಡ್ತೀಯಾ?” ಎಂದು ಒಳಗಿನಿಂದಲೇ ಕೇಳಿದಳು.

“ಸೈಟು ನಾನು ಬುಟ್ಕೊಡಾಕಿಲ್ಲ, ಅದು ಬೇರೆ ಮಾತು. ನೀನು ಸತ್ತೋದ್ರೆ ನಾನ್ ಯಾರ್ ಮೇಲೆ ಕೇಸ್ ನಡೆಸ್ಲಿ?” ಎಂದಳು ಕೃಷ್ಣಮ್ಮ. ಬಾಗಿಲ ಸಂದಿಯಿಂದ ಲಕೋಟೆ ಒಳಕ್ಕೆ ಜಾರಿತು.

ಮಾರನೆಯ ದಿನ ಆಸ್ಪತ್ರೆಯಲ್ಲಿ ಮುನಿಯಲ್ಲಮ್ಮ ನಡೆದದ್ದೆಲ್ಲ ಒಪ್ಪಿಕೊಂಡಾಗ ರಕ್ಷಾ ಬೈಯಲಿಲ್ಲ.

“ತಪ್ಪು ನಮ್ಮದೂ ಐತ್ರಿ ಅವ್ವಾರ. ಈ ಕಾಗದ ಯಾಕಂತ ಅವತ್ತ ತಿಳಿಸಿ ಹೇಳಿದ್ರ ನೀವ್ಯಾಕ ಹೆದರ್ತಿದ್ರಿ? ಹೊಸದಾಗಿ ರಕ್ತ ತಗೀಬೇಕು. ಒಂದ ಸಹಿ ಮಾಡ್ರಿ.”

“ಮೊದ್ಲು ಓದಮ್ಮ. ಎಲ್ಲಾನೂವೆ.”

ರಕ್ಷಾ ಇಡೀ ಕಾಗದ ಓದಿ ಹೇಳಿದಳು. ಮುನಿಯಲ್ಲಮ್ಮ ಹಿಂಬದಿಯನ್ನೂ ತಿರುಗಿಸಿ ನೋಡಿದಳು. ಆಮೇಲೆ ಪೆನ್ನು ಹಿಡಿದು, ಯಾರೂ ಮುಂದೆ ಏನನ್ನೂ ಸೇರಿಸಿಕೊಳ್ಳದಂತೆ, ಖಾಲಿ ಬಿಟ್ಟಿದ್ದ ಜಾಗದ ಮೇಲೆಲ್ಲ ಅಡ್ಡಗೆರೆ ಎಳೆದಳು. ಅದರ ಕೆಳಗೆ ತನ್ನ ಹೆಸರು ಬರೆದಳು. ಬಾಗಿಲ ಹೊರಗಿನ ಬೆಂಚಿನಲ್ಲಿ ಕೃಷ್ಣಮ್ಮ ಮುಖ ತಿರುಗಿಸಿಕೊಂಡು ಕುಳಿತಿದ್ದಳು.

ಮುನಿಯಲ್ಲಮ್ಮ ಸೆರಗು ಸರಿಸಿ ತೋಳು ಚಾಚಿದಳು.