ಕಲ್ಲಿನ ಅಲಗು

ಪಾವನಾ ಪುರಾತತ್ವದ ಸಂಶೋಧಕಿ. ಸಿಂಧೂ ಬಯಲಿನ ಹಳೆಯ ನಗರಗಳ ಜನ ಬಳಸುತ್ತಿದ್ದ ಕಲ್ಲಿನ ಅಲಗುಗಳನ್ನು ಅವರಂತೆಯೇ ಮಾಡಿ ನೋಡುವುದು ಅವಳ ಕೆಲಸ. ರಜೆಗೆಂದು ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ನ ಅಕ್ಕನ ಮನೆಗೆ ಬಂದಾಗಲೂ ಚಕಮಕಿ ಕಲ್ಲು ಹೊತ್ತು ತಂದಿದ್ದಳು.

ಭಾವ ಅಶ್ವತ್ಥ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರ್. ಶನಿವಾರ ಮಧ್ಯಾಹ್ನ, ಅಕ್ಕ ಲಾವಣ್ಯಾ ಡ್ಯೂಟಿಗೆ ಹೋದ ಮೇಲೆ, ಪಾವನಾ ಕಲ್ಲು ಕೆತ್ತುತ್ತಿದ್ದ ಹಿತ್ತಲ ಶೆಡ್ಡಿಗೆ ಬಂದರು.

"ಉಕ್ಕಿಗಿಂತ ಹರಿತ ಅಂತೀಯಲ್ಲ, ಕೊಡಿಲ್ಲಿ, ನೋಡೇಬಿಡೋಣ."

ಆಗಷ್ಟೇ ಕಲ್ಲಿನಿಂದ ಎಬ್ಬಿಸಿದ ಅಲಗನ್ನು ಕೊಟ್ಟಳು. "ಹುಷಾರು ಭಾವ" ಅನ್ನುವಷ್ಟರಲ್ಲೇ ಅವರು ಹಳೇ ಬೆಲ್ಟೊಂದನ್ನು ತೊಡೆಯ ಮೇಲಿಟ್ಟು ಎಳೆದಾಗಿತ್ತು. ಬೆಲ್ಟು ತುಂಡಾಯಿತು. ಅಲಗು ನಿಲ್ಲಲಿಲ್ಲ.

"ಏನೂ ಆಗಿಲ್ಲ ಬಿಡು" ಎಂದು ನಕ್ಕರು. ನಗು ಮುಗಿಯುವ ಮೊದಲೇ ತೊಡೆಯಿಂದ ರಕ್ತ ಚಿಮ್ಮಿತು.

ಪಾವನಾ ಜಾಕೆಟ್ ಕಿತ್ತು ಗಾಯಕ್ಕೆ ಒತ್ತಿದಳು. ಇನ್ನೊಂದು ಕೈಯಲ್ಲಿ ತುರ್ತು ನಂಬರ್ ಒತ್ತಿದರೆ ಸ್ವೀಡಿಷ್‌ನ ಒಂದು ಪದವೂ ನೆನಪಾಗಲಿಲ್ಲ. "ರಕ್ತ! ರಕ್ತ!" ಎಂದು ಕನ್ನಡದಲ್ಲೇ ಅರಚಿದಳು. ಅತ್ತಲಿನ ಹೆಂಗಸು ಇಂಗ್ಲಿಷಿಗೆ ಬದಲಾಗಿ, ವಿಳಾಸ ಕೇಳಿ, ಒತ್ತಿದ ಕೈ ತೆಗೆಯಬೇಡ, ಅವರನ್ನು ಮಾತಾಡಿಸುತ್ತಲೇ ಇರು ಎಂದಳು.

ಜಾಕೆಟ್ ತೊಯ್ದು ಬೆರಳ ಸಂದಿಯಲ್ಲಿ ಬಿಸಿಬಿಸಿ ಇಳಿಯುತ್ತಿತ್ತು. ಭಾವನ ತುಟಿ ಬೆಳ್ಳಗಾಯಿತು.

"ಕಣ್ಣು ಮುಚ್ಚಬೇಡಿ ಭಾವ, ನಿಮಗೆ ಕೈ ಮುಗೀತೀನಿ!"

"ಏನಾದ್ರೂ... ಹೇಳ್ತಿರು."

ಅವಳಿಗೆ ಹೊಳೆದದ್ದು ಕಲ್ಲಿನ ಕತೆಯೊಂದೇ. "ಸಿಂಧೂ ಬಯಲಲ್ಲಿ ರೋಹ್ರಿ ಬೆಟ್ಟ ಅಂತಿದೆ ಭಾವ. ಊರೂರಿಗೆ ಕಲ್ಲು ಅಲ್ಲಿಂದಾನೇ ಹೋಗ್ತಿತ್ತು. ದೋಣಿಲೋ ಎತ್ತಿನ ಗಾಡಿಲೋ... ಕೇಳ್ತಿದೀರಾ?"

"ಹ್ಞೂಂ. ಯಾರು... ಕೊಳ್ತಿದ್ರು?"

"ಎಲ್ಲರೂ. ಬಡವರ ಮನೇಲೂ ಸಿಕ್ಕಿದೆ. ಭಾವ? ಭಾವಾ!"

ಅವರ ಕಣ್ಣು ಮುಚ್ಚಿತ್ತು. ತನ್ನ ಮೈಭಾರವನ್ನೆಲ್ಲ ಆ ತೊಡೆಯ ಮೇಲೆ ಹಾಕಿದಳು. ಅಕ್ಕನಿಗೆ ಯಾವ ಬಾಯಲ್ಲಿ ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಬಾಗಿಲಲ್ಲಿ ಹಸಿರು ಬಟ್ಟೆಯ ಆಂಬುಲೆನ್ಸಿನವರು ಕಂಡರು. ಕೈ ತೆಗೆ ಎಂದರೂ ಅವಳಿಗೆ ತೆಗೆಯಲಾಗಲಿಲ್ಲ. ಅವರೇ ಬಿಡಿಸಬೇಕಾಯಿತು.

ಆಸ್ಪತ್ರೆಯಲ್ಲಿ ರಕ್ತನಾಳ ಹೊಲಿದರು. ಬದುಕುತ್ತಾರೆ ಎಂದು ಡಾಕ್ಟರ್ ಹೇಳಿದಾಗಲೂ ಪಾವನಾಳ ಹಲ್ಲು ಕಟಕಟಿಸುತ್ತಲೇ ಇತ್ತು. ಓಡಿ ಬಂದ ಲಾವಣ್ಯಾ ಬೈಯಲಿಲ್ಲ. ತಂಗಿಯನ್ನು ಸಿಂಕಿನ ಬಳಿಗೆ ಎಳೆದೊಯ್ದು, ಉಗುರ ಸಂದಿಯ ರಕ್ತವನ್ನು ತೊಳೆದಳು.

"ನಾನೇ ಕೊಟ್ಟೆ ಕಣೇ ಅಕ್ಕ."

"ಗೊತ್ತು. ಈಗ ಸುಮ್ನಿರು."

ಹಿಮ ಬೀಳುವ ಹೊತ್ತಿಗೆ ಭಾವ ಕೋಲು ಹಿಡಿದು ನಡೆದರು. ರಜೆ ಮುಂದುವರಿಸಿ ಅಲ್ಲೇ ಉಳಿದಿದ್ದ ಪಾವನಾ ಮತ್ತೆ ಶೆಡ್ಡಿನಲ್ಲಿ ಕಲ್ಲೆದುರು ಕೂತ ದಿನ, ಹೊಡೆಯುವ ಕಲ್ಲನ್ನು ಎತ್ತಿ ಎತ್ತಿ ಕೆಳಗಿಡುವುದನ್ನು ಬಾಗಿಲಲ್ಲೇ ನಿಂತು ಕಂಡರು.

"ಹೆದರಿಕೆ ಆದ್ರೆ ಬಿಟ್ಬಿಡಮ್ಮ."

"ಆಗ್ತಿದೆ ಭಾವ. ನೀವು ಮನೆ ಒಳಗೆ ಹೋಗಿ."

ಅವರು ಹೋಗಿ ಬಾಗಿಲು ಹಾಕಿಕೊಳ್ಳುವವರೆಗೆ ಕಾದು, ಚಕಮಕಿ ಕಲ್ಲಿಗೆ ಹೊಡೆದಳು.